ಕಾಲೇಜಿನ ಹಾಸ್ಯ ನಾಟಕ: ತಪ್ಪು ಕಲ್ಪನೆ ಮತ್ತು ವಾಸ್ತವ

ಕಾಲೇಜು ವಾರ್ಷಿಕೋತ್ಸವ ಹತ್ತಿರ ಬಂತೆಂದರೆ ನಾಟಕ ತಂಡದಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಟೈಮ್ ಕಡಿಮೆ ಇದೆ, ಒಂದು ಕಾಮಿಡಿ ಮಾಡಿಬಿಡೋಣ." ಹುಡುಗ ಹುಡುಗಿಯರ ಜೊತೆ ತಾಲೀಮಿನಲ್ಲಿ ಕೂರುವ ನನಗೆ ಈ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಹಾಸ್ಯ ನಾಟಕದ ಬಗ್ಗೆ ನಾವು ಬೆಳೆಸಿಕೊಂಡ ಅಸಡ್ಡೆಯಿಂದ ಒಳ್ಳೆಯ ಕೃತಿಗಳೂ ಕೆಡುತ್ತವೆ, ಪ್ರತಿಭೆಯಿರುವ ನಟರೂ ಕೆಡುತ್ತಾರೆ.

ತಪ್ಪು ಕಲ್ಪನೆ: ಹೊಸಬರಿಗೆ ಹಾಸ್ಯವೇ ಸುಲಭ.

ವಾಸ್ತವ: ಗಂಭೀರ ನಾಟಕದಲ್ಲಿ ನಟ ಅರೆಗಳಿಗೆ ತಡೆದು ಮಾತಾಡಿದರೆ ಪ್ರೇಕ್ಷಕರು ಅದನ್ನು ದುಃಖವೆಂದೇ ತಿಳಿದಾರು. ಹಾಸ್ಯದಲ್ಲಿ ಆ ಅರೆಗಳಿಗೆಯಲ್ಲಿ ನಗು ಸತ್ತುಹೋಗುತ್ತದೆ. ಅದಕ್ಕಿಂತ ಕಷ್ಟದ್ದು ಇನ್ನೊಂದಿದೆ: ತನ್ನ ಪಾತ್ರ ತಮಾಷೆಯದು ಎಂಬುದನ್ನು ನಟ ಮರೆಯಬೇಕು.

ಟಿ. ಪಿ. ಕೈಲಾಸಂ ಅವರ 'ಬಂಡ್ವಾಳ್ವಿಲ್ಲದ ಬಡಾಯಿ'ಯನ್ನೇ ನೋಡಿ. ಜಂಬದ ಲಾಯರ್ ಅಹೋಬ್ಲು ಪಾತ್ರ ಸಿಕ್ಕ ಹುಡುಗ ಮೊದಲ ದಿನ ಕಣ್ಣು ಅಗಲಿಸುತ್ತಾನೆ, ಹೊಟ್ಟೆ ಮುಂದೆ ಮಾಡಿಕೊಂಡು ನಡೆಯುತ್ತಾನೆ, ಪ್ರತಿ ಮಾತಿನ ಕೊನೆಗೂ ರಾಗ ಎಳೆಯುತ್ತಾನೆ. ಜೊತೆಯವರು ಒಮ್ಮೆ ನಗುತ್ತಾರೆ, ಎರಡನೇ ಸಲಕ್ಕೆ ಮೊಬೈಲ್ ನೋಡತೊಡಗುತ್ತಾರೆ. ಆಗ ಅವನಿಗೆ ಹೇಳಬೇಕಾದದ್ದು ಇಷ್ಟೇ: "ಇದು ಬಡಾಯಿ ಅಂತ ನಿನಗೆ ಗೊತ್ತೇ ಇಲ್ಲ ಕಣೋ. ಎದುರಿಗಿರೋರು ನಂಬದಿದ್ರೆ ನಿನ್ನ ಮಾನ ಹೋಗುತ್ತೆ, ಹಾಗೆ ಹೇಳು." ಅವನು ದನಿ ತಗ್ಗಿಸುತ್ತಾನೆ. ಕೋಟಿನ ಗುಂಡಿ ಹಿಡಿದುಕೊಂಡು, ಒಂದೊಂದು ಸುಳ್ಳು ಹೇಳಿದ ಮೇಲೂ ಎದುರಿನವಳ ಮುಖ ನೋಡಿ, ನಂಬಿದಳು ಎಂದು ಖಾತ್ರಿಯಾದ ಮೇಲೆ ಮುಂದಿನ ಸುಳ್ಳಿಗೆ ಹೋಗುತ್ತಾನೆ. ಮೊಬೈಲ್‌ಗಳು ಕೆಳಗಿಳಿಯುತ್ತವೆ. ಅವನ ಆತಂಕ ನಿಜವಾದ ಕೂಡಲೇ ಇಡೀ ಕೋಣೆ ನಗುತ್ತದೆ.

ಇದರ ಜೊತೆಗೆ ಪ್ರೇಕ್ಷಕರ ನಗುವಿನ ಲೆಕ್ಕವನ್ನೂ ಕಲಿಯಬೇಕು. ನಗು ಏರುತ್ತಿರುವಾಗ ಮುಂದಿನ ಮಾತು ಹೇಳಿದರೆ ಅದು ಯಾರಿಗೂ ಕೇಳಿಸದು. ಪೂರ್ತಿ ನಿಲ್ಲುವವರೆಗೆ ಕಾದರೆ ನಾಟಕದ ಓಟ ಕುಸಿಯುತ್ತದೆ. ನಗು ಇಳಿಯಲು ಶುರುವಾದ ಹೊತ್ತಿಗೆ ಮಾತು ಎತ್ತಬೇಕು. ಅಲ್ಲಿಯವರೆಗೆ ನಟ ಬೊಂಬೆಯ ಹಾಗೆ ನಿಲ್ಲುವಂತಿಲ್ಲ. ಕನ್ನಡಕ ಒರೆಸಬಹುದು, ಲೋಟ ಸರಿಸಬಹುದು, ಆದರೆ ಪಾತ್ರದೊಳಗೇ ಇರಬೇಕು. ತಾಲೀಮಿನ ಕೋಣೆಯಲ್ಲಿ ಪ್ರೇಕ್ಷಕರೇ ಇರುವುದಿಲ್ಲವಾದ್ದರಿಂದ ಇದು ಅಲ್ಲಿ ಪೂರ್ತಿ ಬರುವುದಿಲ್ಲ. ಹಾಗಾಗಿ ಗ್ರ್ಯಾಂಡ್ ರಿಹರ್ಸಲ್‌ಗೆ ನಾಟಕ ಗೊತ್ತಿಲ್ಲದ ಒಂದು ತರಗತಿಯನ್ನಾದರೂ ತಂದು ಕೂರಿಸಿ ಎಂದು ನಾನು ಹಟ ಹಿಡಿಯುತ್ತೇನೆ. ತಂಡದವರಿಗೆ ಕೇಳಿ ಕೇಳಿ ಸಪ್ಪೆಯಾದ ಮಾತಿಗೆ ಅವರು ಹೊಟ್ಟೆ ಹಿಡಿದು ನಗುವುದನ್ನು ಕಂಡಾಗ, "ಈ ಡೈಲಾಗ್ ವರ್ಕ್ ಆಗ್ತಿಲ್ಲ, ತೆಗೆದುಬಿಡೋಣ" ಎನ್ನುವ ಮಾತು ನಿಲ್ಲುತ್ತದೆ.

ತಪ್ಪು ಕಲ್ಪನೆ: ರಂಗದ ಮೇಲೆ ತೋಚಿದ್ದು ಸೇರಿಸಿದರೆ ಇನ್ನೂ ಮಜಾ.

ಇದಕ್ಕೆ ಯಕ್ಷಗಾನದ ಹಾಸ್ಯಗಾರರನ್ನು, ಗುಬ್ಬಿ ವೀರಣ್ಣನವರನ್ನು ಸಾಕ್ಷಿಗೆ ಕರೆಯುವವರಿದ್ದಾರೆ. ಯಕ್ಷಗಾನದ ಮಾತುಗಾರಿಕೆ ಆಶುವಾಗಿಯೇ ಹುಟ್ಟುವುದು ನಿಜ. ಆದರೆ ಆ ಹಾಸ್ಯಗಾರನಿಗೆ ಪ್ರಸಂಗ ಬಾಯಿಪಾಠ, ಭಾಗವತರ ಪದ ಎಲ್ಲಿಗೆ ಬಂದು ನಿಲ್ಲುತ್ತದೆಂಬುದು ಗೊತ್ತು, ಎದುರಿನ ವೇಷಧಾರಿಯ ಮರ್ಜಿ ಗೊತ್ತು. 'ಸದಾರಮೆ'ಯ ಕಳ್ಳನಾಗಿ ನಾಡನ್ನೇ ನಗಿಸಿದ ವೀರಣ್ಣನವರ ಹಿಂದೆ ಊರೂರು ಕ್ಯಾಂಪ್ ಮಾಡಿ ರಾತ್ರಿ ರಾತ್ರಿ ಆಡಿದ ಅನುಭವವಿತ್ತು. ಕಾಲೇಜಿನ ನಟನಿಗೆ ಸಿಗುವುದು ಒಂದೋ ಎರಡೋ ಪ್ರದರ್ಶನ. ಅವನು ಪ್ರಿನ್ಸಿಪಾಲರ ಮೇಲೆ ಒಂದು ಜೋಕ್ ಹಾರಿಸಿ ಚಪ್ಪಾಳೆ ಗಿಟ್ಟಿಸುತ್ತಾನೆ, ನಿಜ. ಅಷ್ಟರಲ್ಲಿ ವಿಂಗ್‌ನಲ್ಲಿ ಕ್ಯೂಗೆ ಕಾದು ನಿಂತ ಹುಡುಗಿಗೆ ತನ್ನ ಪ್ರವೇಶ ಯಾವಾಗ ಎಂಬುದೇ ತಪ್ಪಿಹೋಗಿರುತ್ತದೆ. ಅವಳ ಶ್ರಮಕ್ಕೆ ಇದು ಮಾಡುವ ಅನ್ಯಾಯ. ಹೊಸ ಮಾತು ಹೊಳೆದರೆ ತಾಲೀಮಿನಲ್ಲಿ ಹೇಳಲಿ. ಎಲ್ಲರಿಗೂ ಒಪ್ಪಿಗೆಯಾದರೆ ಪ್ರತಿಯಲ್ಲಿ ಬರೆದುಕೊಳ್ಳೋಣ.

ತಪ್ಪು ಕಲ್ಪನೆ: ಹುಡುಗ ಸೀರೆ ಉಟ್ಟರೆ ನಗು ಗ್ಯಾರಂಟಿ.

ಎಳೆದೆಳೆದು ನಡೆಯುವುದು, ಸೆರಗು ಜಾರಿಸುವುದು, ಕೀರಲು ದನಿ ಮಾಡುವುದು. ಕಾಲೇಜು ವೇದಿಕೆಗಳಲ್ಲಿ ಇದು ಇಂದಿಗೂ ನಡೆದಿದೆ. ಎದುರು ಕುಳಿತ ಹೆಣ್ಣುಮಕ್ಕಳನ್ನು ಅವಮಾನಿಸುವ ಇಂಥ ದೃಶ್ಯ ನಮ್ಮ ಪರಂಪರೆಗೂ ಅವಮಾನ. ಕೋಳ್ಯೂರು ರಾಮಚಂದ್ರರಾಯರಂಥವರು ಯಕ್ಷಗಾನದಲ್ಲಿ ಸ್ತ್ರೀವೇಷವನ್ನು ಒಯ್ದ ಎತ್ತರವನ್ನು ನೆನೆಯಿರಿ. ಅಜ್ಜ ವೀರಣ್ಣನವರು ಆಡಿದ 'ಸದಾರಮೆ'ಯ ಕಳ್ಳನ ಪಾತ್ರವನ್ನು ಮೊಮ್ಮಗಳು ಬಿ. ಜಯಶ್ರೀ ತಾವೇ ಆಡಿ ಗೆದ್ದರು. ಜನ ನಕ್ಕದ್ದು ಕಳ್ಳನ ಚಾಲಾಕಿಗೆ. ಭಾಷೆಯ ವಿಷಯವೂ ಹೀಗೆಯೇ. ಕುಂದಾಪುರದ ಕನ್ನಡವನ್ನೋ ಕಲಬುರಗಿಯ ಕನ್ನಡವನ್ನೋ ಅಣಕಿಸಿ ಗಿಟ್ಟಿಸುವ ನಗು, ಆ ಊರಿನಿಂದ ಬಂದು ಹಾಸ್ಟೆಲ್‌ನಲ್ಲಿರುವ ವಿದ್ಯಾರ್ಥಿಯನ್ನು ನೋಯಿಸುತ್ತದೆ. ಅದೇ ವಿದ್ಯಾರ್ಥಿಗೆ ಪಾತ್ರ ಕೊಟ್ಟು ಅವನ ಮಾತಿನಲ್ಲೇ ಆಡಿಸಿದರೆ ನಾಟಕಕ್ಕೆ ಕಸುವು ಬರುತ್ತದೆ.

ತಪ್ಪು ಕಲ್ಪನೆ: ಸ್ಕಿಟ್ ಹಿಗ್ಗಿಸಿದರೆ ನಾಟಕವಾಗುತ್ತದೆ.

ಆಗುವುದಿಲ್ಲ. ವಿಶ್ವವಿದ್ಯಾಲಯಗಳ ಯುವಜನೋತ್ಸವದಲ್ಲಿ ಸ್ಕಿಟ್‌ಗೆ 10 ನಿಮಿಷ, ಏಕಾಂಕಕ್ಕೆ 30 ನಿಮಿಷ ಮಿತಿ. ಹತ್ತು ನಿಮಿಷವನ್ನು ಜೋಕುಗಳಿಂದ ತುಂಬಬಹುದು. ಮೂವತ್ತು ನಿಮಿಷಕ್ಕೆ ಏನನ್ನೋ ಪಡೆಯಲು ಹೊರಟ ಒಬ್ಬ ಮನುಷ್ಯ ಬೇಕು, ಅವನಿಗೆ ಅಡ್ಡ ನಿಲ್ಲುವವರು ಬೇಕು.

ತಪ್ಪು ಕಲ್ಪನೆ: ಹಾಸ್ಯದಲ್ಲಿ ಗಂಭೀರ ವಿಷಯ ಇರುವುದಿಲ್ಲ.

ಮೋಲಿಯೇರನ 'ತಾರ್ತುಫ್' 1664ರಲ್ಲಿ ವರ್ಸೈಲ್ ಅರಮನೆಯಲ್ಲಿ ಮೊದಲು ಆಡಿದಾಗ ಧರ್ಮದ ಸೋಗಿನವರಿಗೆ ಅದು ಎಷ್ಟು ಚುಚ್ಚಿತೆಂದರೆ, ಸಾರ್ವಜನಿಕವಾಗಿ ಆಡಲು ನಿರಾತಂಕ ಅನುಮತಿ ಸಿಕ್ಕಿದ್ದು 1669ರಲ್ಲಿ. ಅದನ್ನು ಎ. ಎನ್. ಮೂರ್ತಿರಾಯರು 'ಆಷಾಢಭೂತಿ'ಯಾಗಿ ಕನ್ನಡಕ್ಕೆ ತಂದರು. ಕೈಲಾಸಂ ಅವರ 'ತಾಳಿಕಟ್ಟೋಕ್ಕೂಲೀನೇ' ವರದಕ್ಷಿಣೆಯ ಮೇಲಿನ ಸಿಟ್ಟಿನಿಂದ ಹುಟ್ಟಿದ್ದು. 'ಟೊಳ್ಳುಗಟ್ಟಿ'ಯಲ್ಲಿ ಓದಿನ ಪುಟ್ಟು ಟೊಳ್ಳೋ, ಮನೆಯವರಿಗೆ ಒದಗುವ ಮಾಧು ಗಟ್ಟಿಯೋ ಎಂಬ ಪ್ರಶ್ನೆ, ರ‍್ಯಾಂಕಿನ ಭಯದಲ್ಲಿ ಬೆಳೆದ ಇಂದಿನ ವಿದ್ಯಾರ್ಥಿಗೆ ಯಾರೂ ವಿವರಿಸಬೇಕಾಗಿಲ್ಲ. ಹಾಗೆಂದು ಹಳೆಯದೆಲ್ಲವನ್ನೂ ಇದ್ದ ಹಾಗೇ ಆಡಬೇಕೆಂದಲ್ಲ. ಪರ್ವತವಾಣಿಯವರ 'ಬಹದ್ದೂರ್ ಗಂಡ' ಹೆಂಡತಿಯನ್ನು ಪಳಗಿಸುವ ಶೇಕ್ಸ್‌ಪಿಯರನ ಕತೆಯ ರೂಪಾಂತರ. ಅದನ್ನು ಇಂದು ಕಾಲೇಜಿನಲ್ಲಿ ಆಡುವ ತಂಡ, ಜನ ಯಾರ ಜೊತೆ ಸೇರಿ ನಗಬೇಕೆಂಬುದನ್ನು ಮೊದಲ ರೀಡಿಂಗ್‌ನಲ್ಲೇ ಕೂತು ಚರ್ಚಿಸಬೇಕು.

ತಪ್ಪು ಕಲ್ಪನೆ: ಕಾಲೇಜು ನಾಟಕಕ್ಕೆ ಯಾರ ಅನುಮತಿಯೂ ಬೇಡ.

ಅರ್ಧ ನಿಜ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ವಿದ್ಯಾಸಂಸ್ಥೆಗಳಿಗೆ ವಿನಾಯಿತಿ ಕೊಟ್ಟಿದೆ. ಆಡುವವರು ಅಲ್ಲಿನ ವಿದ್ಯಾರ್ಥಿಗಳು, ಸಿಬ್ಬಂದಿಯೇ ಆಗಿರಬೇಕು. ನೋಡುವವರೂ ಅವರೇ, ಇಲ್ಲವೆ ಪೋಷಕರು, ಸಂಸ್ಥೆಯ ಕೆಲಸಕಾರ್ಯಗಳಿಗೆ ಸಂಬಂಧಿಸಿದವರು. ಟಿಕೆಟ್ ಇಟ್ಟು ಊರವರನ್ನು ಕರೆದರೆ, ವಿಡಿಯೊ ಮಾಡಿ ಯೂಟ್ಯೂಬ್‌ಗೆ ಹಾಕಿದರೆ, ಈ ವಿನಾಯಿತಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಲೇಖಕರು ತೀರಿಕೊಂಡ ನಂತರ 60 ವರ್ಷ ಹಕ್ಕು ಅವರ ವಾರಸುದಾರರದು. ಕೈಲಾಸಂ ತೀರಿಕೊಂಡಿದ್ದು 1946ರಲ್ಲಿ, ಆದ್ದರಿಂದ ಅವರ ನಾಟಕಗಳ ಹಕ್ಕಿನ ಅವಧಿ 2006ಕ್ಕೆ ಮುಗಿಯಿತು. ತಂಡಗಳು ಎಡವುವುದು ರೂಪಾಂತರಗಳಲ್ಲಿ. ಮೋಲಿಯೇರ್ ಎಲ್ಲರ ಸೊತ್ತು, ಆದರೆ ಮೂರ್ತಿರಾಯರು ತೀರಿಕೊಂಡಿದ್ದು 2003ರಲ್ಲಿ. 'ಆಷಾಢಭೂತಿ'ಯನ್ನು ಕಾಲೇಜಿನ ಆಚೆ ಆಡುವವರು ಹಕ್ಕುಳ್ಳವರನ್ನು ಕೇಳಲೇಬೇಕು. ಪ್ರಕಾಶಕರ ವಿಳಾಸ ಪುಸ್ತಕದಲ್ಲೇ ಇರುತ್ತದೆ. ಎಲ್ಲಿ, ಯಾವಾಗ, ಎಷ್ಟು ಪ್ರದರ್ಶನ, ಟಿಕೆಟ್ ಇದೆಯೋ ಇಲ್ಲವೋ ಎಂದು ಒಂದು ಪುಟದ ಪತ್ರ ಬರೆದರೆ ಸಾಕು. ಅದನ್ನು ಪಾತ್ರ ಹಂಚುವ ಮೊದಲೇ ಬರೆಯಿರಿ. ಒಪ್ಪಿಗೆ ಸಿಗದಿದ್ದರೆ ಬೇರೆ ನಾಟಕ ಹುಡುಕಲು ಆಗ ಸಮಯವಿರುತ್ತದೆ.