ಲಾರಿ ಕಲಿಯುವವರ ರೂಮು: ನಂಬಿದ್ದು ಮತ್ತು ನಿಜ

ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಹಾದು ಹೊಸಕೋಟೆ ಸೇರುವ ರಿಂಗ್ ರಸ್ತೆಯ ಆಸುಪಾಸಿನಲ್ಲಿ ಗೋದಾಮುಗಳು ಏಳುತ್ತಲೇ ಇವೆ. ಗೋದಾಮಿನ ಹಿಂದೆ ಲಾರಿಗಳು, ಲಾರಿಗಳ ಹಿಂದೆ ಅವನ್ನು ಓಡಿಸಲು ಕಲಿಯುವ ಹುಡುಗರು. ದೂರದ ಊರಿನಿಂದ ಬಂದವರು ಮೂರೋ ನಾಲ್ಕೋ ಜನ ಸೇರಿ ಒಂದು ರೂಮು ಹಿಡಿಯುತ್ತಾರೆ. ಕ್ಲೀನರ್ ಆಗಿ ಸೇರಿದವನಿಗೆ ಕ್ಯಾಬಿನ್ನೇ ರೂಮು. 2021ರ ಕೇಂದ್ರ ನಿಯಮದಂತೆ, ಮಾನ್ಯತೆ ಪಡೆದ ತರಬೇತಿ ಕೇಂದ್ರದಲ್ಲಿ ಭಾರಿ ವಾಹನದ ಕೋರ್ಸು ಆರು ವಾರದಲ್ಲಿ 38 ಗಂಟೆ. ಪಾಠ 38 ಗಂಟೆಯದಾದರೆ ರೂಮಿನಲ್ಲಿ ಕಳೆಯುವುದು 42 ರಾತ್ರಿ. ಆ ರಾತ್ರಿಗಳ ಬಗ್ಗೆ ಹಳಬರು ಹೇಳಿಕೊಡುವ ಮಾತುಗಳಲ್ಲಿ ಕೆಲವು ಜೀವಕ್ಕೇ ಅಪಾಯ.

ಎಲ್ಲಕ್ಕಿಂತ ಕೆಟ್ಟದ್ದು, “ಕಡಿಮೆ ನಿದ್ದೆಗೆ ಮೈ ತಾನಾಗಿ ಒಗ್ಗುತ್ತೆ” ಅನ್ನುವುದು. ಒಗ್ಗುವುದಿಲ್ಲ. ಅಮೆರಿಕದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎರಡು ವಾರ ರಾತ್ರಿ ಆರೇ ಗಂಟೆ ಮಲಗಿದವರ ಎಚ್ಚರ, ಎರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ಭಯವಾಗುವುದು ಮುಂದಿನ ಸಂಗತಿಗೆ: ತಮಗೆ ಅಷ್ಟೇನೂ ನಿದ್ದೆ ಬರುತ್ತಿಲ್ಲ ಎಂದೇ ಅವರಿಗೆ ಅನಿಸುತ್ತಿತ್ತು. ಬೆಳಿಗ್ಗೆ ಐದಕ್ಕೆ ಎದ್ದವನು ರಾತ್ರಿ ಹತ್ತಕ್ಕೆ ಸ್ಟೇರಿಂಗ್ ಹಿಡಿದರೆ ಹದಿನೇಳು ಗಂಟೆ ಎಚ್ಚರವಿದ್ದಂತಾಯಿತು. ಆಗ ಕೈಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ 0.05 ಮದ್ಯ ಇದ್ದವನಷ್ಟೇ ಕುಂದಿರುತ್ತದೆ ಎಂದು 1997ರಲ್ಲೇ ಆಸ್ಟ್ರೇಲಿಯಾದಲ್ಲಿ ಅಳೆದು ತೋರಿಸಿದ್ದಾರೆ. ನಮ್ಮ ಕಾನೂನು ಒಪ್ಪುವ ಮಿತಿ ಶೇ 0.03. ಇನ್ನೊಂದು ಮಾತೂ ಇದೆ. ಹಗಲು ಕಲಿತ ರಿವರ್ಸ್, ಗೇರು, ಕ್ಲಚ್ಚಿನ ಹದ ಕೈಕಾಲಿಗೆ ಗಟ್ಟಿಯಾಗಿ ಕೂರುವುದರಲ್ಲಿ ರಾತ್ರಿಯ ನಿದ್ದೆಯ ಪಾಲು ದೊಡ್ಡದು. ಹನ್ನೊಂದರ ಮೇಲೆ ಸ್ಪೀಕರ್‌ನಲ್ಲಿ ರೀಲ್ಸ್ ಬೇಡ ಎನ್ನುವ ಹುಡುಗ ನಾಜೂಕಿನವನಲ್ಲ, ಕಲಿಯಲು ಬಂದವನು. ಒಬ್ಬ ನಾಲ್ಕಕ್ಕೆ ಅಲಾರಂ ಇಟ್ಟು, ಅದು ಐದು ಸಲ ಬಾರಿಸಿದರೂ ಏಳದೆ ಉಳಿದ ಮೂವರನ್ನು ಎಬ್ಬಿಸಿದರೆ, ಆ ದಿನ ನಾಲ್ವರ ಪಾಠವೂ ಹಾಳು. ಬ್ಯಾಗು, ಶೂ, ಟವೆಲ್ ರಾತ್ರಿಯೇ ಬಾಗಿಲ ಬಳಿ ಇಟ್ಟು, ಫೋನನ್ನು ವೈಬ್ರೇಷನ್‌ಗೆ ಹಾಕಿ ದಿಂಬಿನಡಿ ಇಟ್ಟುಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

“ಒಂದು ಕ್ವಾರ್ಟರ್ ಹಾಕಿದ್ರೆ ಗದ್ದಲದಲ್ಲೂ ನಿದ್ದೆ.” ಬೇಗ ಹತ್ತುತ್ತದೆ, ನಿಜ. ಆದರೆ ನಡುರಾತ್ರಿಯ ಮೇಲೆ ಅದೇ ನಿದ್ದೆ ಚೂರುಚೂರಾಗುತ್ತದೆ.

ಗೊರಕೆ ಹೊಡೆಯುವವನು ಸುಖನಿದ್ದೆಯಲ್ಲಿದ್ದಾನೆ ಎಂದು ನಗುವುದುಂಟು. ಗೊರಕೆಯ ನಡುವೆ ಉಸಿರು ಕೆಲವು ಸೆಕೆಂಡು ನಿಂತು, ಆಮೇಲೆ ಗಕ್ಕನೆ ಎಳೆದುಕೊಂಡರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಅಂಥವನು ರಾತ್ರಿಯಿಡೀ ಮಲಗಿದರೂ ಹಗಲು ತೂಕಡಿಸುತ್ತಾನೆ, ಸಿಗ್ನಲ್‌ನಲ್ಲಿ ನಿಂತಾಗಲೂ. ಅವನಿಗೆ ಇದು ಗೊತ್ತಾಗುವುದೇ ಇಲ್ಲ. ಗೊತ್ತಾಗುವುದು ಪಕ್ಕದ ಚಾಪೆಯವನಿಗೆ. ನಗುವ ಬದಲು ಅವನನ್ನು ಡಾಕ್ಟರ ಹತ್ತಿರ ಕರೆದೊಯ್ದರೆ, ಮುಂದೆ ಅವನ ಲಾರಿಗೆ ಎದುರಾಗುವ ಯಾರದೋ ಜೀವವೂ ಉಳಿದೀತು. ಹಂಚಿಕೊಂಡ ರೂಮಿನ ನಿಜವಾದ ಲಾಭ ಇದು.

ಸೊಳ್ಳೆ ಎಂದು ಕಿಟಕಿ ಮುಚ್ಚಿ ಕಾಯಿಲ್ ಹಚ್ಚುವುದು ವಾಡಿಕೆ. ಒಂದು ಕಾಯಿಲ್ ಪೂರ್ತಿ ಉರಿದರೆ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು ಎಂದು 2003ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಸೊಳ್ಳೆಪರದೆ ಕಟ್ಟಿ, ಕಿಟಕಿ ತೆರೆದಿಡಿ. ಕ್ಷಯ ಹರಡುವುದೂ ಗಾಳಿಯಿಂದಲೇ ಹೊರತು ಒಂದೇ ತಟ್ಟೆಯಲ್ಲಿ ಉಂಡದ್ದರಿಂದಲ್ಲ. ಎರಡು ವಾರ ಕೆಮ್ಮಿದವನಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ, ಔಷಧಿ ಎರಡೂ ಉಚಿತ.

ಕಜ್ಜಿ ಕೊಳಕರಿಗಷ್ಟೇ ಬರುತ್ತದೆ ಎನ್ನುವುದು ಸುಳ್ಳು. ಮೈಗೆ ಮೈ ತಾಗುವಂತೆ ಮಲಗುವ ಯಾರಿಗಾದರೂ ಬರುತ್ತದೆ. ಒಬ್ಬನೇ ಮುಲಾಮು ಹಚ್ಚಿಕೊಂಡರೆ ಮತ್ತೆ ಅಂಟುತ್ತದೆ, ಡಾಕ್ಟರು ಹೇಳಿದಂತೆ ರೂಮಿನವರೆಲ್ಲ ಒಂದೇ ದಿನ ಹಚ್ಚಬೇಕು. ಎಚ್‌ಐವಿ ಹಾಗಲ್ಲ. ರೂಮು, ತಟ್ಟೆ, ಕಕ್ಕಸು, ಸೊಳ್ಳೆ, ಯಾವುದರಿಂದಲೂ ಅದು ಅಂಟುವುದಿಲ್ಲ. ಲಾರಿಯವನೆಂದರೆ ಅನುಮಾನಪಟ್ಟು, ಸೋಂಕಿದೆ ಎಂದು ತಿಳಿದವನ ಚಾಪೆಯನ್ನು ಹೊರಗೆಸೆಯುವುದು ಅಮಾನುಷ. ಸಂದೇಹವಿದ್ದವರು 1097ಕ್ಕೆ ಉಚಿತವಾಗಿ ಫೋನ್ ಮಾಡಬಹುದು.

ಕ್ಯಾಬಿನ್‌ನಲ್ಲಿ ಮಲಗುವ ಕ್ಲೀನರ್ ಹುಡುಗರ ಮಾತು ಬೇರೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ. ರಸ್ತೆಯಲ್ಲಿರುವ ಹಳೇ ಗಾಡಿಗಳಿಗೆ ಆ ನಿಯಮ ಇಲ್ಲ. ಹಾಗಾಗಿ ಸೆಕೆಗೆ ತಾಳಲಾರದೆ, “ಕೆಳಗೆ ತಂಪು, ಗಾಡಿ ಹೇಗೂ ನಿಂತಿದೆ” ಎಂದು ಲಾರಿಯಡಿ ಚಾಪೆ ಹಾಸುತ್ತಾರೆ. ನಿಂತ ಗಾಡಿ ಇಳಿಜಾರಿನಲ್ಲಿ ಉರುಳಬಹುದು. ಕೆಳಗೆ ಹುಡುಗ ಮಲಗಿರುವುದು ತಿಳಿಯದೆ ಡ್ರೈವರ್ ನಸುಕಿನಲ್ಲಿ ಎದ್ದು ಗಾಡಿ ತೆಗೆಯಬಹುದು. ಬಂಕಿನ ಜಗಲಿ, ಡಾಬಾದ ಮಂಚ, ಗಾಡಿ ಓಡಾಡದ ಯಾವ ಜಾಗವಾದರೂ ಆದೀತು. ಚಕ್ರದ ಪಕ್ಕ ಮಾತ್ರ ಬೇಡ.