ಲೆಕ್ಕದ ಹಾಳೆಯಲ್ಲಿ ಸಾಲುಗಳ ಎತ್ತರ ಸಮ ಮಾಡುವ ಬಗೆ

ನಮ್ಮ ರಾಮದಾಸಪೇಠ್ ವಾಚನಾಲಯದ ಪುಸ್ತಕಗಳ ಯಾದಿಯನ್ನು ಈ ಸಲ ಕಂಪ್ಯೂಟರಿನಲ್ಲಿ ಸಿದ್ಧಪಡಿಸಿ, ಬಾಗಿಲ ಬಳಿಯ ಹಲಗೆಗೆ ಹಚ್ಚಿದ್ದೇವೆ. ಅದನ್ನು ಕಂಡ ಇಬ್ಬರು ಮೂವರು ಮಿತ್ರರು ಒಂದೇ ಬಗೆಯ ಪ್ರಶ್ನೆ ಕೇಳಿದರು. "ನಿಮ್ಮ ಯಾದಿಯಲ್ಲಿ ಸಾಲುಗಳೆಲ್ಲ ಒಂದೇ ಸಮ ಇವೆಯಲ್ಲ! ನಮ್ಮ ಆಫೀಸಿನ ಹಾಳೆಯಲ್ಲಿ ಒಂದು ಸಾಲು ಗಿಡ್ಡ, ಇನ್ನೊಂದು ಎತ್ತರ. ಮೇಲಿನವರು ನೋಡಿ ಮುಖ ಸಿಂಡರಿಸುತ್ತಾರೆ. ಇದಕ್ಕೇನು ಉಪಾಯ?" ಎಂದು. ಉಪಾಯ ಸುಲಭವಾದದ್ದು, ಎರಡು ನಿಮಿಷದ ಕೆಲಸ. ಆದರೆ ಆ ಎರಡು ನಿಮಿಷದ ಕೆಲಸದಿಂದ ಒಬ್ಬ ಬಡವನ ಪಗಾರ ಒಂದು ತಿಂಗಳು ನಿಂತುಹೋದದ್ದನ್ನು ನಾವು ಕಂಡಿದ್ದೇವೆ. ಆದಕಾರಣ ಉಪಾಯದೊಡನೆ ಅಪಾಯವನ್ನೂ ಹೇಳುವುದು ನಮ್ಮ ಕರ್ತವ್ಯ. ತಿಳಿದವರು ಬೇಸರಿಸದೆ ಓದಬೇಕು, ತಿಳಿಯದವರು ಸಂಕೋಚಪಡಬೇಕಾಗಿಲ್ಲ. ನಾವೂ ಮ್ಯಾಟ್ರಿಕ್‌ವರೆಗೆ ಓದಿ, ಮಿಕ್ಕದ್ದನ್ನು ಗಿರಣಿಯ ಮೇಜಿನ ಮುಂದೆ ಕಲಿತವರೇ.

ಸಾಲುಗಳು ಏರುಪೇರಾಗುವುದೇಕೆ?

ಕಾಗದದ ಕಿರ್ದಿ ಪುಸ್ತಕವನ್ನು ನೋಡಿದವರಿಗೆ ಗೊತ್ತು: ಅದರಲ್ಲಿ ಗೆರೆಗಳು ಅಚ್ಚಾಗಿಯೇ ಬರುತ್ತವೆ. ಎರಡು ಗೆರೆಗಳ ನಡುವೆ ಎಷ್ಟು ಜಾಗವಿದೆಯೋ ಅಷ್ಟರಲ್ಲೇ ಕಾರಕೂನನು ಅಕ್ಷರ ಕೂಡಿಸಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಅಲ್ಲಿಗೆ ಸರಿಯಾಗಿ ಒಪ್ಪುತ್ತದೆ. ನಾಗಪುರದಲ್ಲಿ ಎಂಪ್ರೆಸ್ ಗಿರಣಿ 1877ರ ಜನವರಿ 1ರಂದು ಆರಂಭವಾಯಿತು. ಆ ಗಿರಣಿ ಈಗಿಲ್ಲ. ಅದು ಹುಟ್ಟಿದ ಕಾಲದಿಂದ ನೂರು ವರ್ಷ ಗಿರಣಿಗಳ, ಪೇಢಿಗಳ ಲೆಕ್ಕ ಹೆಚ್ಚಾಗಿ ನಡೆದದ್ದು ಇಂಥ ಪುಸ್ತಕಗಳಲ್ಲಿಯೇ. ಸ್ಪ್ರೆಡ್‌ಶೀಟ್ ಎಂಬ ಹೆಸರು ಕೂಡ ಕಾಗದದ ಕಾಲದ್ದು. ಎದುರುಬದುರು ಎರಡು ಪುಟಗಳಿಗೆ ಹರಡಿದ ಅಗಲವಾದ ಲೆಕ್ಕದ ಹಾಳೆಗೆ ಹಾಗೆನ್ನುತ್ತಿದ್ದರು. ಅಮೆರಿಕದ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬವರು 1979ರಲ್ಲಿ ವಿಸಿಕ್ಯಾಲ್ಕ್ ಎಂಬ ಹೆಸರಿನಿಂದ ಅದನ್ನು ಸಣ್ಣ ಕಂಪ್ಯೂಟರಿಗೆ ತಂದರು. ನಾವು ನೀವು ಬಳಸುವ ಎಕ್ಸೆಲ್ ಬಂದದ್ದು 1985ರಲ್ಲಿ.

ಈ ಹೊಸ ಹಾಳೆಯಲ್ಲಿ ಗಾದೆ ತಿರುಗುಮುರುಗಾಗಿದೆ. ಕಾಲು ಚಾಚಿದಷ್ಟು ಹಾಸಿಗೆ ತಾನೇ ಬೆಳೆಯುತ್ತದೆ. ಎಕ್ಸೆಲ್‌ನಲ್ಲಿ 11ರ ಗಾತ್ರದ ಕ್ಯಾಲಿಬ್ರಿ ಅಕ್ಷರವಿದ್ದರೆ ಖಾಲಿ ಸಾಲಿನ ಎತ್ತರ 15 ಪಾಯಿಂಟ್. 72 ಪಾಯಿಂಟಿಗೆ ಒಂದು ಇಂಚು. ಅಂದರೆ 15 ಪಾಯಿಂಟ್ ಎಂದರೆ ಸುಮಾರು 5.3 ಮಿಲಿಮೀಟರ್. ಒಂದು ಸಾಲಿನಲ್ಲಿ ಇದಕ್ಕಿಂತ ಹೆಚ್ಚು ಜಾಗ ಬೇಡುವ ಬರಹ ಬಂದರೆ ಆ ಸಾಲು ಮಾತ್ರ ಎತ್ತರವಾಗುತ್ತದೆ, ಪಕ್ಕದ್ದು ಹಾಗೆಯೇ ಉಳಿಯುತ್ತದೆ. ಏರುಪೇರಿಗೆ ಇದೇ ಮೂಲ.

ನಮ್ಮ ಊರಿನಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರುತ್ತದೆ. ಒಂದೇ ಯಾದಿಯಲ್ಲಿ ಒಂದು ಹೆಸರು ಇಂಗ್ಲಿಷಿನಲ್ಲಿ, ಒಂದು ದೇವನಾಗರಿಯಲ್ಲಿ, ಒಂದು ಕನ್ನಡದಲ್ಲಿ ಇರುತ್ತದೆ. ಕನ್ನಡ ಬರಹಕ್ಕೆ ಎತ್ತರ ಹೆಚ್ಚು ಬೇಕು. ತಲೆಯ ಮೇಲೆ ಗುಡಿಸು, ಕಾಲಿನ ಕೆಳಗೆ ಒತ್ತು. 'ರಾಷ್ಟ್ರ' ಎಂದು ಬರೆದರೆ ಒಂದರ ಜೊತೆಗೆ ಇನ್ನೊಂದು ಒತ್ತು. ಇಂಥ ಅಕ್ಷರ ಯಾವಾಗಲಾದರೂ ಬರಬಹುದೆಂದು ಅಚ್ಚಕ್ಷರ ರೂಪಿಸಿದವರು ಮೇಲೆ ಕೆಳಗೆ ಜಾಗ ಕಾಯ್ದಿಟ್ಟಿರುತ್ತಾರೆ. ಆದ್ದರಿಂದ ಒತ್ತಿಲ್ಲದ 'ಮನ' ಎಂದು ಬರೆದರೂ ಸಾಲು ಅಷ್ಟೇ ಎತ್ತರವಾಗುತ್ತದೆ. ತುಂಗಾ ಅಕ್ಷರ ಬೇಡುವ ಜಾಗ ಬೇರೆ, ನಿರ್ಮಲಾ ಅಕ್ಷರ ಬೇಡುವುದು ಬೇರೆ. ಹೀಗಿರಲು, ಸಾಲು ಎತ್ತರವಾಯಿತೆಂದು ಕನ್ನಡವನ್ನು ದೂರಬೇಡಿರಿ. ಬಗೆಬಗೆಯ ಅಕ್ಷರ ಒಂದೇ ಹಾಳೆಯಲ್ಲಿ ಕೂಡಿದ್ದರ ಫಲ ಅದು. ಸಾಧ್ಯವಾದರೆ ಇಡೀ ಹಾಳೆಗೆ ಒಂದೇ ಅಕ್ಷರ, ಒಂದೇ ಗಾತ್ರ ಕೊಡಿರಿ. ಅರ್ಧ ಏರುಪೇರು ಅಲ್ಲಿಗೇ ಹೋಗುತ್ತದೆ.

ಮಿಕ್ಕ ಕಾರಣಗಳು ಎರಡು. ಒಂದು, 'ವ್ರ್ಯಾಪ್ ಟೆಕ್ಸ್ಟ್' ಒತ್ತಿದಾಗ ಉದ್ದದ ಬರಹ ಒಂದೇ ಮನೆಯೊಳಗೆ ಎರಡು ಮೂರು ಸಾಲಾಗಿ ಮಡಚಿಕೊಳ್ಳುವುದು. ಎರಡು, ಹಿಂದೆ ಯಾರೋ ಇಲಿಯಿಂದ ಗೆರೆ ಎಳೆದು ಬಿಟ್ಟಿರುವುದು.

ಸಮ ಮಾಡುವ ಕ್ರಮ

ಎಡಗಡೆಯಲ್ಲಿ 1, 2, 3 ಎಂದು ಸಾಲುಗಳ ಅಂಕಿಗಳಿವೆಯಷ್ಟೆ. ಸಮ ಮಾಡಬೇಕಾದ ಮೊದಲ ಸಾಲಿನ ಅಂಕಿಯನ್ನು ಒತ್ತಿರಿ. ಬಳಿಕ ಶಿಫ್ಟ್ ಕೀಲಿಯನ್ನು ಹಿಡಿದುಕೊಂಡು ಕೊನೆಯ ಸಾಲಿನ ಅಂಕಿಯನ್ನು ಒತ್ತಿರಿ. ನಡುವಿನ ಸಾಲುಗಳೆಲ್ಲ ಬಣ್ಣ ತಾಳುತ್ತವೆ. ಈಗ ಆ ಅಂಕಿಗಳ ಮೇಲೆಯೇ ಇಲಿಯ ಬಲಗುಂಡಿ ಒತ್ತಿ 'ರೋ ಹೈಟ್' ಆರಿಸಿ, ಪೆಟ್ಟಿಗೆಯಲ್ಲಿ 20 ಎಂದೋ 24 ಎಂದೋ ಬರೆದು 'ಓಕೆ' ಎನ್ನಿರಿ. ಮುಗಿಯಿತು. ಕೀಲಿಮಣೆಯೇ ಸಾಕೆನ್ನುವವರು ಆಲ್ಟ್ ಒತ್ತಿ ಬಿಟ್ಟು, ಒಂದರ ಹಿಂದೊಂದು ಎಚ್, ಓ, ಎಚ್ ಒತ್ತಬಹುದು. ಎಕ್ಸೆಲ್‌ನಲ್ಲಿ ಒಂದು ಸಾಲಿಗೆ ಹೆಚ್ಚೆಂದರೆ 409 ಪಾಯಿಂಟ್ ಎತ್ತರ ಕೊಡಬಹುದು.

ಹಣ ಕೊಡದೆ ಸಿಗುವ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ 'ಫಾರ್ಮ್ಯಾಟ್', 'ರೋಸ್', 'ಹೈಟ್' ಎಂದು ಹೋಗಬೇಕು. ಗೂಗಲ್ ಶೀಟ್ಸ್‌ನಲ್ಲಿ ಬಲಗುಂಡಿ ಒತ್ತಿದಾಗ 'ರೀಸೈಜ಼್ ರೋಸ್' ಎಂದು ಬರುತ್ತದೆ. ಅಲ್ಲಿಯ ಅಳತೆ ಪಿಕ್ಸೆಲ್, ಮೊದಲಿಗೆ ಇರುವುದು 21.

ಎರಡು ಸಣ್ಣ ಎಚ್ಚರಿಕೆಗಳು. ಶೀರ್ಷಿಕೆಯ ಸಾಲನ್ನು ಆರಿಸದೆ ಬಿಡಿರಿ. ಅದೂ ಗಿಡ್ಡವಾದರೆ ಹಾಳೆಗೆ ತಲೆಯೇ ಇಲ್ಲದಂತಾಗುತ್ತದೆ. ಇನ್ನು, ಯಾರಾದರೂ ಕೆಲವು ಸಾಲುಗಳನ್ನು ಬೇಕೆಂದೇ ಮರೆಮಾಡಿ ಇಟ್ಟಿದ್ದರೆ, ಅವನ್ನೂ ಸೇರಿಸಿ ಎತ್ತರ ಕೊಟ್ಟಾಗ ಅವು ಮತ್ತೆ ಹೊರಗೆ ಕಾಣಿಸಿಕೊಳ್ಳುತ್ತವೆ. ಎಡಗಡೆಯ ಅಂಕಿಗಳು 7 ಆದ ಮೇಲೆ 12 ಎಂದು ಹಾರಿದ್ದರೆ ಕೈ ಹಚ್ಚುವ ಮೊದಲು ವಿಚಾರಿಸಿರಿ.

ನಮ್ಮಿಂದಾದ ತಪ್ಪು

ಈಗ ಅಪಾಯದ ಮಾತು. ಕೆಲವು ವರ್ಷಗಳ ಹಿಂದೆ ಪಗಾರವನ್ನು ಬ್ಯಾಂಕಿಗೆ ಜಮಾ ಮಾಡುವ ಸಲುವಾಗಿ ಕೆಲಸಗಾರರಿಂದ ಕಾಗದಪತ್ರ ತರಿಸುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಯಾರು ಯಾವ ಕಾಗದ ತರಬೇಕು ಎಂಬ ಯಾದಿ ಮಾಡಿ ಗೇಟಿನ ಹಲಗೆಗೆ ಹಚ್ಚಬೇಕು. ಹೆಚ್ಚಿನವರದು ಒಂದೇ ಕಾಗದ ಬಾಕಿ. ನಾಲ್ಕಾರು ಜನರದು ಎರಡು. ಆ ನಾಲ್ಕಾರು ಸಾಲುಗಳು ಎತ್ತರವಾಗಿ ಹಾಳೆ ಅಂದಗೆಟ್ಟಂತೆ ನಮಗೆ ಕಂಡಿತು. ಎಲ್ಲವನ್ನೂ ಆರಿಸಿ 15 ಕೊಟ್ಟೆವು. ಹಾಳೆ ಅಚ್ಚುಕಟ್ಟಾಯಿತು. ಮೇಲಿನವರೂ ಭೇಷ್ ಎಂದರು.

ಕಲಬುರಗಿಯ ಕಡೆಯಿಂದ ಬಂದ ಒಬ್ಬ ಕೆಲಸಗಾರನ ಹೆಸರಿನ ಮುಂದೆ ಮೊದಲ ಸಾಲಿನಲ್ಲಿ 'ಫೋಟೋ' ಎಂದೂ ಎರಡನೆಯ ಸಾಲಿನಲ್ಲಿ 'ಪಾಸ್‌ಬುಕ್ ನಕಲು' ಎಂದೂ ಇತ್ತು. ಬರಹವನ್ನು ಮನೆಯ ಮೇಲ್ತುದಿಗೆ ಹೊಂದಿಸಿದ್ದುದರಿಂದ ಮೊದಲನೆಯದು ಉಳಿಯಿತು, ಎರಡನೆಯದು ಗೆರೆಯ ಕೆಳಗೆ ಅಡಗಿತು. ಆತನು ಹಾಳೆ ಓದಿ, ಫೋಟೋ ತೆಗೆಸಿ, ಮರುದಿನವೇ ತಂದುಕೊಟ್ಟನು. ಪಾಸ್‌ಬುಕ್ ನಕಲು ಇಲ್ಲವೆಂದು ಆತನ ಹೆಸರು ಆ ತಿಂಗಳ ಬಟವಡೆಯಿಂದ ಹೊರಗೆ ಉಳಿಯಿತು. ಊರಲ್ಲಿ ಮನೆಯವರು ಹಣದ ದಾರಿ ಕಾಯುತ್ತಿದ್ದರು. ಆತನು ನಮ್ಮ ಮೇಜಿಗೆ ಬಂದು ಸಿಟ್ಟಿಲ್ಲದೆ ಹೇಳಿದನು: "ಅಣ್ಣಾರ, ಹಾಳ್ಯಾಗ ಒಂದೇ ಮಾತು ಬರ್ದಿತ್ತಲ್ರೀ. ನಾ ಅದನ್ನ ತಂದೀನ್ರೀ." ನಾವು ಕಂಪ್ಯೂಟರಿನಲ್ಲಿ ಆ ಮನೆಯನ್ನು ಒತ್ತಿ ನೋಡಿದೆವು. ಮೇಲಿನ ಪಟ್ಟಿಯಲ್ಲಿ ಎರಡು ಮಾತುಗಳೂ ಇದ್ದವು. ಕಾಗದದ ಮೇಲೆ ಒಂದೇ ಇತ್ತು. ತಪ್ಪು ಆತನದಲ್ಲ, ಯಂತ್ರದ್ದೂ ಅಲ್ಲ, ನಮ್ಮದು.

ಇದರಲ್ಲಿ ತಿಳಿಯಬೇಕಾದ ಸಂಗತಿ ಒಂದುಂಟು. ಕಾಲಮಿನ ಅಗಲ ಸಾಲದೆ ಹೋದರೆ ಅಂಕಿಗಳ ಜಾಗದಲ್ಲಿ ##### ಎಂಬ ಗುರುತು ಬಂದು ನಮ್ಮನ್ನು ಎಚ್ಚರಿಸುತ್ತದೆ. ಸಾಲಿನ ಎತ್ತರ ಸಾಲದೆ ಹೋದರೆ ಯಾವ ಗುರುತೂ ಬರುವುದಿಲ್ಲ. ಬರಹ ಸುಮ್ಮನೆ ಮರೆಯಾಗುತ್ತದೆ, ಹಾಳೆ ಮೊದಲಿಗಿಂತ ಚೆಂದ ಕಾಣುತ್ತದೆ. ಅಲ್ಲದೆ ನಾವು ಒಮ್ಮೆ ಕೈಯಿಂದ ಎತ್ತರ ಗೊತ್ತುಮಾಡಿದ ಮೇಲೆ ಆ ಸಾಲು ತಾನಾಗಿ ಬೆಳೆಯುವುದನ್ನು ಬಿಟ್ಟುಬಿಡುತ್ತದೆ. ನಾಳೆ ಇನ್ನೊಬ್ಬರು ಅದರಲ್ಲಿ ಎರಡನೆಯ ಮಾತು ಸೇರಿಸಿದರೂ ಅದು ಗೆರೆಯ ಕೆಳಗೇ ಹೋಗುತ್ತದೆ.

ಸರಿಯಾದ ಕ್ರಮ

ಅಂದಿನಿಂದ ನಾವು ಈ ಕ್ರಮವನ್ನು ಬಿಟ್ಟಿಲ್ಲ. ಮೊದಲು ಸಾಲುಗಳನ್ನು ಆರಿಸಿ, 'ಹೋಮ್', 'ಫಾರ್ಮ್ಯಾಟ್', 'ಆಟೋಫಿಟ್ ರೋ ಹೈಟ್' ಒತ್ತುತ್ತೇವೆ. ಪ್ರತಿ ಸಾಲೂ ತನಗೆ ಬೇಕಾದಷ್ಟು ಎತ್ತರ ಪಡೆಯುತ್ತದೆ. ಬಳಿಕ ಎಲ್ಲಕ್ಕಿಂತ ಎತ್ತರದ ಸಾಲು ಯಾವುದೆಂದು ನೋಡಿ, ಅದರ ಅಳತೆಯನ್ನು ಗುರುತುಹಾಕಿಕೊಳ್ಳುತ್ತೇವೆ. ಅದಕ್ಕೆ ಎರಡು ಮೂರು ಪಾಯಿಂಟ್ ಸೇರಿಸಿ ಎಲ್ಲ ಸಾಲುಗಳಿಗೂ ಕೊಡುತ್ತೇವೆ. ಸೇರಿಸುವುದೇಕೆಂದರೆ, ತೆರೆಯ ಮೇಲೆ ಸರಿಯಾಗಿ ಕಂಡದ್ದು ಅಚ್ಚಿನಲ್ಲಿ ಒಮ್ಮೊಮ್ಮೆ ಕೂದಲೆಳೆಯಷ್ಟು ಕತ್ತರಿಸಿಹೋಗುತ್ತದೆ. ಕನ್ನಡದಲ್ಲಿ ಹಾಗಾದರೆ ಮೊದಲು ಹೋಗುವುದು ಒತ್ತು. ಸಮವಾಯಿತೇ ಎಂದು ನೋಡಲು ಮತ್ತೆ 'ರೋ ಹೈಟ್' ತೆರೆಯಿರಿ. ಅಳತೆ ಕಂಡರೆ ಎಲ್ಲವೂ ಸಮ. ಪೆಟ್ಟಿಗೆ ಖಾಲಿ ಇದ್ದರೆ ಎಲ್ಲೋ ಏರುಪೇರು ಉಳಿದಿದೆ.

ಒಂದು ಮಾತು ನೆನಪಿರಲಿ: ಹಲವು ಮನೆಗಳನ್ನು 'ಮರ್ಜ್' ಮಾಡಿ ಒಂದಾಗಿಸಿದ್ದರೆ ಆಟೋಫಿಟ್ ಅಲ್ಲಿ ಕೆಲಸ ಮಾಡುವುದಿಲ್ಲ. ಅಂಥ ಸಾಲನ್ನು ಕಣ್ಣಿಂದ ನೋಡಿಯೇ ಎತ್ತರ ಕೊಡಬೇಕು.

"ಎತ್ತರದ ಸಾಲಿನ ಅಳತೆ ಎಲ್ಲಕ್ಕೂ ಕೊಟ್ಟರೆ ಕಾಗದ ದಂಡವಲ್ಲವೇ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಎ4 ಹಾಳೆಯಲ್ಲಿ ಅಂಚು ಬಿಟ್ಟು 25 ಸೆಂಟಿಮೀಟರ್ ಬರೆಯಲು ಸಿಕ್ಕಿತೆನ್ನಿರಿ. ಅದು ಸುಮಾರು 708 ಪಾಯಿಂಟ್. 20ರ ಸಾಲಾದರೆ 35 ಹೆಸರು ಹಿಡಿಯುತ್ತವೆ, 36ರ ಸಾಲಾದರೆ 19 ಮಾತ್ರ. ಎಪ್ಪತ್ತು ಹೆಸರಿನ ಯಾದಿಗೆ ಮೊದಲನೆಯದರಲ್ಲಿ 2 ಹಾಳೆ, ಎರಡನೆಯದರಲ್ಲಿ 4. ಇದನ್ನು ಉಳಿಸಬೇಕಾದರೆ ಎತ್ತರ ಕತ್ತರಿಸಬೇಡಿರಿ, ಅಗಲ ಹೆಚ್ಚಿಸಿರಿ. ಹಾಳೆಯನ್ನು ಅಡ್ಡಡ್ಡ ಮಾಡಿ ವಿಳಾಸದ ಕಾಲಮನ್ನು ಅಗಲಿಸಿದರೆ ಎರಡು ಸಾಲಿನ ವಿಳಾಸ ಒಂದೇ ಸಾಲಿಗೆ ಬರುತ್ತದೆ. ಎರಡು ಮಾತುಗಳಿದ್ದರೆ ಎರಡು ಕಾಲಮ್ ಮಾಡಿರಿ. ನಮ್ಮ ಪುಸ್ತಕಗಳ ಯಾದಿಯಲ್ಲಿ ಮಾಡಿದ್ದು ಅದನ್ನೇ: ಪುಸ್ತಕದ ಹೆಸರಿಗೆ ಒಂದು, ಗ್ರಂಥಕರ್ತರಿಗೆ ಒಂದು, ಷರಾ ಬರೆಯಲು ಮತ್ತೊಂದು. ಇಷ್ಟಾದರೂ ಒಂದೆರಡು ಸಾಲುಗಳು ಎತ್ತರವಾಗಿಯೇ ಇರಬೇಕೆಂದರೆ ಇರಲಿ ಬಿಡಿ. ಹಾಳೆಯ ಅಂದಕ್ಕಾಗಿ ಒಬ್ಬನ ಮಾತನ್ನು ನುಂಗಬಾರದು.

ಕೊನೆಯದಾಗಿ, ಅಚ್ಚಾದ ಹಾಳೆಯನ್ನು ಹಲಗೆಗೆ ಹಚ್ಚುವ ಮೊದಲು ಕೈಯಲ್ಲಿ ಹಿಡಿದು, ಕಂಪ್ಯೂಟರಿನ ಹಾಳೆಯೊಡನೆ ಸಾಲು ಸಾಲು ತಾಳೆ ನೋಡಿರಿ. ಇಬ್ಬರು ಕೂತು, ಒಬ್ಬರು ಓದಿ ಒಬ್ಬರು ನೋಡಿದರೆ ಇನ್ನೂ ಒಳ್ಳೆಯದು. ಹಲಗೆಯ ಮುಂದೆ ನಿಂತು ಓದುವವನಿಗೆ ಮನೆಯನ್ನು ಒತ್ತಿ ಒಳಗೆ ಏನಿದೆಯೆಂದು ನೋಡುವ ಅನುಕೂಲವಿಲ್ಲ. ಕಾಗದದ ಮೇಲೆ ಕಂಡಷ್ಟೇ ಅವನ ಪಾಲಿಗೆ ಸತ್ಯ.

ನಿಮ್ಮ ಹಾಳೆ ಏನು ಮಾಡಿದರೂ ಸಮವಾಗದಿದ್ದರೆ ವಾಚನಾಲಯ ತೆರೆದಿರುವಾಗ ತೆಗೆದುಕೊಂಡು ಬನ್ನಿರಿ, ಕೂಡಿ ನೋಡೋಣ. ನಾವು ಹಚ್ಚಿದ ಪುಸ್ತಕಗಳ ಯಾದಿಯಲ್ಲಿ ಎಲ್ಲಿಯಾದರೂ ಒಂದು ಒತ್ತು ತಪ್ಪಿದ್ದು ಕಂಡರೆ ಪೆನ್ಸಿಲಿನಿಂದ ಗುರುತು ಹಾಕಿ ತಿಳಿಸಿರಿ. ತಿದ್ದಿ ಮತ್ತೆ ಹಚ್ಚುತ್ತೇವೆ.