ಹಳೆಯ ಸ್ಟೀರಿಯೋಗೆ ಹೊಸ ಬಾಗಿಲು

ತರೀಕೆರೆಯಲ್ಲಿ ಹೆದ್ದಾರಿಯನ್ನು ಬಿಟ್ಟು ಲಕ್ಕವಳ್ಳಿಯ ಮಾರ್ಗವನ್ನು ಹಿಡಿಯುವ ಕಾರುಗಳಲ್ಲಿ ಹದಿನೈದು, ಇಪ್ಪತ್ತು ವರ್ಷ ದುಡಿದವೂ ಉಂಟು. ಅಂಥ ಕಾರಿನ ಎಂಜಿನ್ನು ಗಟ್ಟಿಮುಟ್ಟಾಗಿಯೇ ಇರುತ್ತದೆ. ಕಾರ್ಖಾನೆಯವರು ಕೂರಿಸಿಕೊಟ್ಟ ಸ್ಟೀರಿಯೋ ಸಹ ಇಂಪಾಗಿಯೇ ನುಡಿಯುತ್ತದೆ. ಆದರೆ ಅದು ಬಲ್ಲ ವಿದ್ಯೆಗಳು ಎರಡೇ: ಆಕಾಶವಾಣಿಯನ್ನು ಹಿಡಿಯುವುದು, ಕ್ಯಾಸೆಟ್ಟನ್ನೋ ಸಿ.ಡಿ.ಯನ್ನೋ ಓದುವುದು. ಮನೆಮಂದಿಯ ಹಾಡುಗಳಾದರೋ ಈಗ ಜೇಬಿನ ಫೋನಿನೊಳಗೆ ಸೇರಿವೆ. ಅವೆಲ್ಲವೂ ಅಂಗಡಿಯಲ್ಲಿ ದೊರೆಯುವ ಹಾಡುಗಳಲ್ಲ. ಎಂದೋ ಒಂದು ಮದುವೆಯ ಮನೆಯಲ್ಲಿ ಅಜ್ಜಿ ಹಾಡಿದ ಸೋಬಾನೆಯನ್ನು ಮೊಮ್ಮಗಳು ಫೋನಿನಲ್ಲಿ ಹಿಡಿದಿಟ್ಟಿರುತ್ತಾಳೆ. ಇನ್ನೊಮ್ಮೆ ಹಾಡಿಸೋಣವೆಂದರೆ ಅಜ್ಜಿ ಇಲ್ಲ. ಹಾಡು ಫೋನಿನಲ್ಲಿದೆ, ಸ್ಪೀಕರುಗಳು ಕಾರಿನ ಬಾಗಿಲುಗಳಲ್ಲಿವೆ, ನಡುವೆ ದಾರಿಯೇ ಇಲ್ಲ.

ಹಳೆಯದನ್ನು ಕಿತ್ತು ಹೊಸದನ್ನು ಹಾಕಿಸಿರೆಂಬುದು ಅಂಗಡಿಯವರ ಸುಲಭ ಸಲಹೆ. ಅದಕ್ಕೆ ಹಣ ಮಾತ್ರವಲ್ಲ, ಬೇರೆ ತೊಡಕುಗಳೂ ಇವೆ. ಅನೇಕ ಕಾರುಗಳ ಸ್ಟೀರಿಯೋ ಮುಂಭಾಗದ ಫಲಕದೊಡನೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕೂತಿರುತ್ತದೆ. ಗಡಿಯಾರವೂ ಅದರ ಮುಖದಲ್ಲಿಯೇ. ಅದನ್ನು ತೆಗೆದರೆ ಹಲ್ಲು ಬಿದ್ದ ಬಾಯಿಯಂತೆ ಒಂದು ಹಳ್ಳ ಉಳಿಯುತ್ತದೆ. ನಡೆಯುತ್ತಿರುವ ಯಂತ್ರವನ್ನು ಒಂದು ರಂಧ್ರದ ಕೊರತೆಗಾಗಿ ಗುಜರಿಗೆ ಹಾಕುವುದು ನಮ್ಮ ಗೃಹಸ್ಥರಿಗೆ ಒಗ್ಗುವ ಮಾತೂ ಅಲ್ಲ. ಆ ರಂಧ್ರಕ್ಕೆ ಇಂಗ್ಲಿಷಿನವರು ಇಟ್ಟ ಹೆಸರು ಆಕ್ಸಿಲಿಯರಿ, ರೂಢಿಯಲ್ಲಿ ‘ಆಕ್ಸ್’. ಹೊರಗಿನ ನಾದ ಒಳಬರಲು ಬಿಟ್ಟ ಪಕ್ಕದ ಬಾಗಿಲು ಎನ್ನಬಹುದು.

ಲಕ್ಕವಳ್ಳಿಯ ದಾರಿಯಲ್ಲಿ ಈ ಬಾಗಿಲಿನ ಅಗತ್ಯ ಇನ್ನಷ್ಟು ಹೆಚ್ಚು. ಹತ್ತಿರದ ಭದ್ರಾವತಿಯಲ್ಲಿ 1965ರಿಂದ ಆಕಾಶವಾಣಿ ಕೇಂದ್ರವಿದೆ, ನಿಜ. ಆದರೆ ಎಫ್.ಎಂ. ಅಲೆಗಳು ಬೆಳಕಿನಂತೆ ಬಹುಮಟ್ಟಿಗೆ ನೇರವಾಗಿ ಚಲಿಸುವಂಥವು. ಗುಡ್ಡ ಅಡ್ಡ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ. ಫೋನಿನ ಸಂಕೇತಕ್ಕೂ ಕಾಡಿನ ತಿರುವುಗಳಲ್ಲಿ ಅದೇ ಗತಿ; ಅಂತರಜಾಲದಿಂದ ಹರಿದುಬರುವ ಹಾಡು ಪಲ್ಲವಿಯಲ್ಲಿಯೇ ನಿಂತುಬಿಡುವುದುಂಟು. ಫೋನಿನೊಳಗೇ ಇಟ್ಟುಕೊಂಡ ಹಾಡು, ಅದನ್ನು ಒಯ್ಯಲು ಒಂದು ತಂತಿ, ಇವೆರಡಕ್ಕೆ ಗುಡ್ಡದ ಹಂಗಿಲ್ಲ. (ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಅದರ ಗಡಿಯೊಳಗೆ ಕಾಲಿಟ್ಟ ಮೇಲೆ ಮಾತ್ರ ಯಾವ ಸಂಗೀತವೂ ಬೇಡ.)

ಪೆಟ್ಟಿಗೆಯನ್ನು ಬಿಚ್ಚದೆಯೇ ಆಗುವ ಉಪಾಯಗಳೂ ಇಲ್ಲದಿಲ್ಲ. ಸಿಗರೇಟು ಹೊತ್ತಿಸುವ ಕುಳಿಯಲ್ಲಿ ಸಿಕ್ಕಿಸುವ ಪುಟ್ಟ ಎಫ್.ಎಂ. ಪ್ರಸಾರಕ ಅವುಗಳಲ್ಲೊಂದು. ಫೋನಿನ ಹಾಡನ್ನು ಅದು ಕಾರಿನ ಒಳಗೇ ಬಿತ್ತರಿಸುತ್ತದೆ, ಸ್ಟೀರಿಯೋ ಅದನ್ನೂ ಒಂದು ನಿಲಯವೆಂದು ನಂಬಿ ಹಿಡಿದುಕೊಳ್ಳುತ್ತದೆ. ಆದರೆ ಅದಕ್ಕೊಂದು ಖಾಲಿ ಜಾಗ ಬೇಕು. ಭಾರತದ ಮೊದಲ ಖಾಸಗಿ ಎಫ್.ಎಂ. ನಿಲಯ 2001ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲಿ. ಅಂದಿನಿಂದ ಅಲ್ಲಿಯ ಆಕಾಶ ಸಂತೆಯಂತೆ ತುಂಬಿಹೋಗಿದೆ. ಲಕ್ಕವಳ್ಳಿಯಲ್ಲಿ ಖಾಲಿ ಜಾಗಕ್ಕೆ ಬರವಿಲ್ಲ. ತೊಂದರೆಯಿರುವುದು ನಡುದಾರಿಯಲ್ಲಿ: ತುಮಕೂರಿನ ಬಳಿ ನಿಶ್ಶಬ್ದವಾಗಿದ್ದ ಜಾಗದಲ್ಲಿ ಅರಸೀಕೆರೆ ದಾಟುವ ವೇಳೆಗೆ ಇನ್ನಾವುದೋ ಊರಿನ ವಾರ್ತೆ ಅಜ್ಜಿಯ ಸೋಬಾನೆಯ ಮೇಲೆ ಬಂದು ಕೂರುತ್ತದೆ.

ಕ್ಯಾಸೆಟ್ಟಿನ ಸ್ಟೀರಿಯೋ ಇದ್ದವರು ಒಂದು ಬಗೆಯಲ್ಲಿ ಭಾಗ್ಯವಂತರು. ಫಿಲಿಪ್ಸ್ ಸಂಸ್ಥೆ 1963ರಲ್ಲಿ ಹೊರತಂದ ಆ ಕ್ಯಾಸೆಟ್ಟಿನ ಆಕಾರದಲ್ಲಿಯೇ ಒಂದು ಕೃತಕ ಕ್ಯಾಸೆಟ್ಟು ದೊರೆಯುತ್ತದೆ. ಅದರೊಳಗೆ ಟೇಪಿಲ್ಲ; ಟೇಪನ್ನು ಓದುವ ಕಾಂತದ ಎದುರಿಗೆ ನಿಲ್ಲುವಂತೆ ಇನ್ನೊಂದು ಪುಟ್ಟ ಕಾಂತವಿದೆ. ಫೋನಿನಿಂದ ತಂತಿಯಲ್ಲಿ ಬಂದ ನಾದ ಆ ಕಾಂತಕ್ಷೇತ್ರವನ್ನು ಏರಿಳಿಸುತ್ತದೆ. ಸ್ಟೀರಿಯೋ ಅದನ್ನೇ ಟೇಪೆಂದು ಭಾವಿಸುತ್ತದೆ. ಚಕ್ರಗಳು ಕಿರುಗುಟ್ಟುವುದು, ತಾನಾಗಿ ಮಗ್ಗುಲು ಬದಲಿಸುವ ಯಂತ್ರ ಗಲಿಬಿಲಿಗೊಳ್ಳುವುದು, ಇವು ಅದರ ಸಣ್ಣ ದೋಷಗಳು. ಸಿ.ಡಿ. ಸ್ಟೀರಿಯೋಗಳಲ್ಲಿ ಕೆಲವಕ್ಕೆ ಡಿಕ್ಕಿಯಲ್ಲಿಡುವ ಸಿ.ಡಿ. ಚೇಂಜರನ್ನು ಜೋಡಿಸಲು ಹಿಂಬದಿಯಲ್ಲಿ ಒಂದು ಸಾಕೆಟ್ಟು ಇರುತ್ತದೆ. ಚೇಂಜರಿನ ಸಂಕೇತವನ್ನು ಅನುಕರಿಸುವ ಅಡಾಪ್ಟರನ್ನು ಅಲ್ಲಿ ಸಿಕ್ಕಿಸಿದರೆ ಕೆಲಸ ಮುಗಿಯಿತು. ಬೆಸುಗೆಯ ಕೆಲಸಕ್ಕೆ ಕೈಹಾಕುವ ಮೊದಲು ಈ ಸಾಕೆಟ್ಟು ಇದೆಯೇ ಎಂದು ನೋಡುವುದು ಜಾಣತನ.

ಇದಾವುದೂ ಇಲ್ಲದಾಗ ಪೆಟ್ಟಿಗೆಯನ್ನು ಬಿಚ್ಚಲೇಬೇಕು. ಒಳಗಿನ ನಾದದ ಹಾದಿಯನ್ನು ತಿಳಿಯಲು ಲಕ್ಕವಳ್ಳಿಯ ಜಲಾಶಯವನ್ನೇ ನೆನೆದರೆ ಸಾಕು. ಭದ್ರಾ ಅಣೆಕಟ್ಟಿನಿಂದ ಎಡದಂಡೆ ನಾಲೆ, ಬಲದಂಡೆ ನಾಲೆ ಎಂದು ಎರಡು ನಾಲೆಗಳು ಹೊರಡುತ್ತವೆ. ಸ್ಟೀರಿಯೋದಲ್ಲಿಯೂ ಹಾಗೆಯೇ: ಎಡಗಿವಿಗೊಂದು, ಬಲಗಿವಿಗೊಂದು. (ಭದ್ರೆಯ ಬಲದಂಡೆ ನಾಲೆ ಎಡದಂಡೆಯದಕ್ಕಿಂತ ಬಹಳ ದೊಡ್ಡದು, ಸ್ಟೀರಿಯೋದಲ್ಲಿ ಆ ತಾರತಮ್ಯವಿಲ್ಲ.) ರೇಡಿಯೋ ಭಾಗದಿಂದಲೂ ಸಿ.ಡಿ. ಭಾಗದಿಂದಲೂ ಹೊರಟ ಈ ಜೋಡಿ ನಾಲೆಗಳು ಧ್ವನಿಯನ್ನು ಏರಿಸಿ ಇಳಿಸುವ ಒಂದು ಚಿಪ್ಪನ್ನು ಬಂದು ಸೇರುತ್ತವೆ. ಅಲ್ಲಿಂದ ಮುಂದೆ ಆಂಪ್ಲಿಫೈಯರು, ಆಮೇಲೆ ಸ್ಪೀಕರು. ಹೊಸ ನಾದವನ್ನು ಸೇರಿಸಬೇಕಾದ ಜಾಗ ಆ ಚಿಪ್ಪಿನ ಹೊಸ್ತಿಲು. ಅಲ್ಲಿ ಸೇರಿಸಿದರೆ ಹಳೆಯ ಗುಂಡಿಗಳೇ ಫೋನಿನ ಹಾಡನ್ನೂ ಏರಿಸುತ್ತವೆ, ಇಳಿಸುತ್ತವೆ. ಯಾವ ಕಾಲಿಗೆ ಯಾವ ನಾಲೆ ಎಂಬುದನ್ನು ಊಹಿಸಬಾರದು; ಚಿಪ್ಪಿನ ಬೆನ್ನ ಮೇಲಿನ ಸಂಖ್ಯೆಯನ್ನು ಓದಿ, ತಯಾರಕರು ಪ್ರಕಟಿಸಿದ ವಿವರಪತ್ರದಲ್ಲಿ ನೋಡಿಕೊಳ್ಳಬೇಕು.

ಸೇರಿಸುವ ವಿಧಾನ ಹಳೆಯ ಟ್ರಾನ್ಸಿಸ್ಟರನ್ನು ಕಂಡವರಿಗೆ ಹೊಸದಲ್ಲ. ಕಿವಿಗೆ ಇಟ್ಟುಕೊಳ್ಳುವ ಇಯರ್‌ಫೋನನ್ನು ಅದರ ಪಕ್ಕದ ತೂತಿಗೆ ಚುಚ್ಚಿದೊಡನೆ ಸ್ಪೀಕರು ಮೌನವಾಗುತ್ತಿತ್ತು. ಆ ತೂತಿನೊಳಗೆ ಒಂದಕ್ಕೊಂದು ತಾಗಿಕೊಂಡಿರುವ ಎರಡು ಎಲೆಗಳಿರುತ್ತವೆ. ಪಿನ್ನು ಒಳಹೊಕ್ಕರೆ ಅವು ಬೇರ್ಪಡುತ್ತವೆ. ಇಲ್ಲಿಯೂ ಅಂಥದೇ ಜಾಕು ಬೇಕು, ಎರಡು ನಾಲೆಗಳಿಗೂ ಎಲೆಗಳಿರುವಂಥದು. ಸಿ.ಡಿ.ಯಿಂದ ಬರುವ ಎರಡು ದಾರಿಗಳನ್ನು ಕತ್ತರಿಸಿ ಈ ಎಲೆಗಳ ಮೂಲಕ ಹಾಯಿಸಬೇಕು. ಪಿನ್ನಿಲ್ಲದಾಗ ಸಿ.ಡಿ. ಎಂದಿನಂತೆ ಹಾಡುತ್ತದೆ, ಪಿನ್ನು ಚುಚ್ಚಿದಾಗ ಸಿ.ಡಿ.ಯ ದಾರಿ ಕಡಿದು ಫೋನಿನ ದಾರಿ ಕೂಡುತ್ತದೆ. ಪೆಟ್ಟಿಗೆಗೆ ಈ ಬದಲಾವಣೆಯ ಅರಿವೇ ಇರುವುದಿಲ್ಲವಾದ್ದರಿಂದ, ಏನೂ ಮುದ್ರಿಸದ ಮೌನದ ಸಿ.ಡಿ.ಯೊಂದನ್ನು ಹಾಕಿ ಓಡಿಸುತ್ತಿರಬೇಕು! ಹಾಡಿಗಾಗಿ ಮೌನವನ್ನು ನುಡಿಸುವ ಈ ವಿನೋದ ಮಕ್ಕಳಿಗೆ ಬಹಳ ಹಿಡಿಸುತ್ತದೆ.

ಅನಾಹುತಗಳಾಗುವುದು ಅವಸರದವರಿಂದ. ಕೆಲವರು ಸ್ಪೀಕರಿನ ತಂತಿಗೇ ಫೋನನ್ನು ಜೋಡಿಸಲು ಹೊರಡುತ್ತಾರೆ. ಅನೇಕ ಕಾರುಗಳ ಸ್ಟೀರಿಯೋದಲ್ಲಿ ಸ್ಪೀಕರಿನ ಎರಡು ತಂತಿಗಳಲ್ಲಿ ಯಾವುದೂ ಕಾರಿನ ಮೈಗೆ ಕೂಡಿರುವುದಿಲ್ಲ. ಎರಡರಲ್ಲೂ ಬ್ಯಾಟರಿಯ ಸುಮಾರು ಅರ್ಧದಷ್ಟು, ಎಂದರೆ 6 ವೋಲ್ಟಿನ ಆಸುಪಾಸು, ಸದಾ ನಿಂತಿರುತ್ತದೆ. ಫೋನು ಅದನ್ನು ತಾಳಲಾರದು. ಕ್ಯಾಸೆಟ್ಟಿನ ಕಾಂತದ ತಂತಿಗೆ ಜೋಡಿಸುವುದು ಇನ್ನೊಂದು ತಪ್ಪು. ಆ ಕಾಂತ ಕೊಡುವ ನಾದ ಒಂದು ವೋಲ್ಟಿನ ಸಾವಿರದಲ್ಲೊಂದು ಭಾಗದಷ್ಟು ಸಣ್ಣದು; ಅದನ್ನು ದೊಡ್ಡದು ಮಾಡಲು ಕೂತ ಭಾಗಕ್ಕೆ ಫೋನಿನ ಬಲವಾದ ನಾದವನ್ನು ಕೊಟ್ಟರೆ ಕೇಳಿಬರುವುದು ಹಾಡಲ್ಲ, ಗೊಗ್ಗರು ಅರಚಾಟ. ಸರಿಯಾದ ಜಾಗದಲ್ಲಿ ಬೆಸುಗೆ ಹಾಕಿದಾಗಲೂ ಆ ದಾರಿಯಲ್ಲಿ ಕೆಲವು ವೋಲ್ಟು ನಿಂತಿರಬಹುದು. ಮೀಟರಿನಿಂದ ಅಳೆದು ನೋಡಿ, ಇದ್ದರೆ ಪ್ರತಿ ನಾಲೆಗೂ 10 ಮೈಕ್ರೋಫ್ಯಾರಡಿನ ಒಂದು ಕೆಪ್ಯಾಸಿಟರನ್ನು ತೂಬಿನಂತೆ ನಡುವೆ ಇಡಬೇಕು. ನಾದವನ್ನು ಅದು ಬಿಡುತ್ತದೆ, ನಿಂತ ವಿದ್ಯುತ್ತನ್ನು ತಡೆಯುತ್ತದೆ.

ಎಲ್ಲ ಮುಗಿದು ಹಾಡು ಕೇಳಿಬಂದ ಮೇಲೆಯೂ ಒಂದು ಪೀಡೆ ಕಾದಿರುತ್ತದೆ. ಫೋನನ್ನು ಕಾರಿನಲ್ಲಿಯೇ ಚಾರ್ಜಿಗೆ ಹಾಕಿ ಹಾಡು ಹಚ್ಚಿದರೆ ಹಿನ್ನೆಲೆಯಲ್ಲಿ ‘ಗುಂಯ್’ ಎಂಬ ಸ್ವರ. ಆಕ್ಸಿಲರೇಟರನ್ನು ಒತ್ತಿದಂತೆ ಅದರ ಶ್ರುತಿಯೂ ಏರುತ್ತದೆ. ಸ್ಟೀರಿಯೋ ಕೆಟ್ಟಿತೆಂದು ಗಾಬರಿಗೊಳ್ಳಬೇಕಿಲ್ಲ. ಚಾರ್ಜರಿನ ತಂತಿಯಿಂದ ಒಂದು, ಆಕ್ಸ್ ತಂತಿಯಿಂದ ಇನ್ನೊಂದು ಎಂದು ಫೋನು ಕಾರಿನ ಮೈಗೆ ಎರಡು ಕಡೆ ಕೂಡಿಕೊಂಡಿದೆ. ಆ ಸುತ್ತಿನಲ್ಲಿ ವಿದ್ಯುತ್ತನ್ನು ಹುಟ್ಟಿಸುವ ಆಲ್ಟರ್ನೇಟರಿನ ಕಲರವ ನುಸುಳುತ್ತಿದೆ. ಚಾರ್ಜರನ್ನು ಕಿತ್ತರೆ ಸ್ವರ ನಿಲ್ಲುತ್ತದೆ. ನಿಂತಿತೆಂದರೆ ಕಾರಣ ಅದೇ. ಎರಡು ಪುಟ್ಟ ಟ್ರಾನ್ಸ್‌ಫಾರ್ಮರುಗಳಿರುವ ಒಂದು ಡಬ್ಬಿಯನ್ನು ಆಕ್ಸ್ ತಂತಿಯ ನಡುವೆ ಸೇರಿಸಿದರೆ ಪರಿಹಾರ. ಇದಕ್ಕಾಗಿ ಪುನಃ ಪೆಟ್ಟಿಗೆ ಬಿಚ್ಚಬೇಕಾಗಿಲ್ಲ.

ಬಿಚ್ಚುವ ಮೊದಲಿನ ಎರಡು ಎಚ್ಚರಿಕೆಗಳನ್ನು ಮೆಕ್ಯಾನಿಕ್ಕಿಗೂ ನೆನಪಿಸಬೇಕು. ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿಟ್ಟೇ ಕೆಲಸ ಆರಂಭಿಸುವುದು. ಅಪಘಾತದಲ್ಲಿ ಉಬ್ಬಿ ರಕ್ಷಿಸುವ ಏರ್‌ಬ್ಯಾಗು ಇರುವ ಕಾರಾದರೆ ಅನಂತರವೂ ಕೆಲವು ನಿಮಿಷ ಕಾಯುವುದು. ಹಾಗೆ ಬ್ಯಾಟರಿ ಬಿಚ್ಚಿದ ಮೇಲೆ ಕೆಲವು ಸ್ಟೀರಿಯೋಗಳು ಕಳ್ಳನ ಕೈಸೇರಿದೆವೆಂದು ಸಂಶಯಗೊಂಡು ಗುಪ್ತ ಸಂಖ್ಯೆಯನ್ನು ಕೇಳುತ್ತವೆ. ಅದು ಸಾಮಾನ್ಯವಾಗಿ ಕಾರಿನೊಡನೆ ಬಂದ ಪುಸ್ತಿಕೆಯಲ್ಲಿಯೋ ಒಂದು ಚೀಟಿಯಲ್ಲಿಯೋ ಇರುತ್ತದೆ; ಸ್ಕ್ರೂ ಸಡಿಲಿಸುವ ಮುನ್ನವೇ ಅದನ್ನು ಹುಡುಕಿಟ್ಟುಕೊಳ್ಳಬೇಕು.

ಇನ್ನು ಫೋನಿನ ಕಡೆಯ ಮಾತು. ಈಚಿನ ಅನೇಕ ಫೋನುಗಳಲ್ಲಿ 3.5 ಮಿಲಿಮೀಟರಿನ ತೂತನ್ನೇ ಮುಚ್ಚಿಬಿಟ್ಟಿದ್ದಾರೆ. ಅಂಥವರು ಚಾರ್ಜಿನ ಕಿಂಡಿಗೆ ಸಿಕ್ಕಿಸುವ ಪರಿವರ್ತಕವನ್ನು ಕೊಳ್ಳಬೇಕು. ಅಥವಾ ಬ್ಲೂಟೂತಿನ ಪುಟ್ಟ ಗ್ರಾಹಕವೊಂದನ್ನು ಹೊಸ ಜಾಕಿಗೆ ಸಿಕ್ಕಿಸಿ ಫೋನನ್ನು ಹಿಂದಿನ ಸೀಟಿನಲ್ಲಿ ಕೂತ ಮೊಮ್ಮಗಳ ಕೈಗೇ ಕೊಟ್ಟುಬಿಡಬಹುದು.